ಮೂವತ್ತು ತುಂಬದ ರಿಜಿಸ್ಟರು

ಹವಾಮಾನ ಮತ್ತು ಹವಾಮಾನ ಬದಲಾವಣೆಯ ಪ್ರಾರಂಭಿಕ ಪಾಠವನ್ನು ಹೈದರಾಬಾದಿನ ನಮ್ಮ ವಿಶ್ವವಿದ್ಯಾಲಯದಲ್ಲಿ ಮೂವತ್ತು ವರ್ಷ ಬಿಡದೆ ಕಲಿಸಿ, ಈ ಮೇ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಪ್ರೊಫೆಸರ್ ಅಮರೇಶಪ್ಪನವರು ತಮ್ಮ ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಬರೆದವರೆಂದಾಗಲಿ, ಹೆಚ್ಚು ಹೆಸರಾದವರೆಂದಾಗಲಿ ನಾನು ಹೇಳಲಾರೆ. ಎಲ್ಲರಿಗಿಂತ ಹೆಚ್ಚು ಹಟಮಾರಿಗಳು ಎಂಬುದನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ. ಅಭಿನಂದನ ಗ್ರಂಥಕ್ಕೆ ಈ ಮಾತು ಒಪ್ಪುವುದಿಲ್ಲವೆಂದು ಸಂಪಾದಕಿ ವತ್ಸಲಾ ಅವರು ಎರಡು ಸಲ ಫೋನು ಮಾಡಿದರು. ಅವರು ಸರ್ ಜೊತೆ ಕೆಲಸ ಮಾಡಿದವರಲ್ಲ.

ಲಿಂಗಸೂಗೂರು ಕಡೆಯ ಹಳ್ಳಿಯಿಂದ ಬಂದ ಸರ್, ಕೆಲಸಕ್ಕೆ ಸೇರಿದ ೧೯೯೪ರ ಜೂನ್‌ನಲ್ಲೇ ವಿಭಾಗದ ಹಿಂದಿನ ಬಯಲಿನಲ್ಲಿ, ಗಾಳಿ ಆಡುವಂತೆ ಸೀಳು ಹಲಗೆ ಹೊಡೆದ ಬಿಳಿ ಪೆಟ್ಟಿಗೆಯೊಂದನ್ನು ನಾಲ್ಕು ಕಾಲಿನ ಮೇಲೆ ನಿಲ್ಲಿಸಿ, ಒಳಗೆ ಥರ್ಮಾಮೀಟರು ಇಟ್ಟರು. ದಿನಾ ಮಧ್ಯಾಹ್ನ ಎರಡೂವರೆಗೆ ಅದನ್ನು ಓದಿ ರಿಜಿಸ್ಟರಿನಲ್ಲಿ ಬರೆಯಬೇಕು. ಒಂದು ದಿನದ ಬಿಸಿಲು ಹವಾಮಾನವಲ್ಲ, ಒಂದು ಬೇಸಿಗೆಯೂ ಅಲ್ಲ, ಒಂದೇ ಜಾಗದಲ್ಲಿ ಮೂವತ್ತು ವರ್ಷ ಅಳೆದರೆ ಆಗ ಮಾತಾಡೋಣ ಎಂಬುದು ಅವರ ಮೊದಲ ದಿನದ ಪಾಠ. ಆ ಮೂವತ್ತನ್ನು ತಮ್ಮ ಕೈಯಾರೆ ತುಂಬಿಸುವುದು ಅವರು ಸೇವೆಗೆ ಇಟ್ಟುಕೊಂಡ ಒಂದೇ ಆಸೆ.

೧೯೯೯ರಲ್ಲಿ ನಾನು ಅವರ ವಿದ್ಯಾರ್ಥಿ. ಒಂದು ವಾರ ಓದುವ ಸರದಿ ನನ್ನದಿತ್ತು. ಎರಡು ದಿನ ಕೋಠಿ ಬಜಾರಿನಲ್ಲಿ ಹಳೆ ಪುಸ್ತಕ ಹುಡುಕುತ್ತ ಅಲೆದವನು, ಹಿಂದುಮುಂದಿನ ಅಂಕಿ ನೋಡಿ ಅಂದಾಜಿನಲ್ಲಿ ಮೂವತ್ತೆಂಟು, ಮೂವತ್ತೆಂಟೂವರೆ ಎಂದು ಬರೆದೆ. ಆ ಎರಡನೆಯ ದಿನ ಕ್ಯಾಂಪಸ್ಸಿನಲ್ಲಿ ಆಲಿಕಲ್ಲು ಬಿದ್ದಿತ್ತು. ಸರ್ ಬೈಯಲಿಲ್ಲ. ಎರಡೂ ಅಂಕಿ ಹೊಡೆದುಹಾಕಿ ಜಾಗ ಖಾಲಿ ಬಿಟ್ಟು, "ಓದಲಿಲ್ಲಂದ್ರ ಖಾಲಿ ಬಿಡು ತಮ್ಮಾ. ಖಾಲಿ ಸುಳ್ಳು ಹೇಳಂಗಿಲ್ಲ" ಎಂದು, ಇಡೀ ಬೇಸಿಗೆಯ ಓದನ್ನು ನನ್ನ ಹೆಸರಿಗೆ ಹಚ್ಚಿದರು. ರಜೆಗೆ ಎಲ್ಲರೂ ಊರಿಗೆ ಹೋದರು, ನಾನು ಎರಡೂವರೆಯ ಬಿಸಿಲಿನಲ್ಲಿ ಪೆಟ್ಟಿಗೆಯ ಬಾಗಿಲು ತೆಗೆಯುತ್ತ ಉಳಿದೆ. ಆ ಬೇಸಿಗೆಯ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮುಂದೆ ಅದೇ ವಿಭಾಗದಲ್ಲಿ ಅವರ ಸಹೋದ್ಯೋಗಿಯಾದೆ. ೨೦೧೧ರ ಬೇಸಿಗೆಗೆ ರಿಜಿಸ್ಟರಿಗೆ ಹದಿನೇಳು ವರ್ಷ ತುಂಬುವುದರಲ್ಲಿತ್ತು. ಆಗ ಬಯಲಿನ ಆ ಕಡೆ ಹಾಸ್ಟೆಲ್ ಕಟ್ಟಲು ಶುರುವಾಗಿ, ಯಾದಗಿರಿ ಕಡೆಯ ಕೂಲಿಯವರಿಗೆಂದು ಪೆಟ್ಟಿಗೆಯಿಂದ ಹತ್ತು ಹೆಜ್ಜೆಯಲ್ಲೇ ತಗಡಿನ ಶೆಡ್ಡು ಎದ್ದಿತು. ತಗಡು ಕಾದರೆ ಪೆಟ್ಟಿಗೆಯೂ ಕಾಯುತ್ತದೆ. ಅದು ಊರಿನ ಬಿಸಿಯೋ ಶೆಡ್ಡಿನ ಬಿಸಿಯೋ ಬೇರೆ ಮಾಡಲಾಗುವುದಿಲ್ಲ. ಪೆಟ್ಟಿಗೆಯನ್ನು ಎತ್ತಿ ಬೇರೆಡೆ ಇಟ್ಟರೂ ಜಾಗ ಬದಲಾಗಿ ಲೆಕ್ಕ ಮುರಿಯುತ್ತದೆ. ಒಂದು ಪತ್ರ ಕೊಡಿ, ನಾಳೆಯೇ ಶೆಡ್ಡನ್ನು ಹಿಂದಿನ ಕೊಳಚೆ ನಾಲೆಯ ಹತ್ತಿರ ಹಾಕಿಸುತ್ತೇನೆ ಎಂದು ಎಂಜಿನಿಯರು ಹೇಳಿದ. ಪತ್ರವನ್ನು ನಾನೇ ಬರೆದು, ಪೆನ್ನಿನ ಮುಚ್ಚಳ ತೆಗೆದು ಸರ್ ಮುಂದೆ ಹಿಡಿದೆ.

"ನಾಲೆ ಕಡೆ ನಳ ಐತೇನು?" ಎಂದು ಕೇಳಿದರು.

"ಇಲ್ರಿ."

"ಮತ್ತ ಶೆಡ್ಡಿನಾಗಿರೊ ಆ ಬಂಡೆಮ್ಮ ನೀರಿಗೆ ಎಲ್ಲಿಗೆ ಹೋಗ್ಬೇಕು?"

"ನಿಮ್ಮ ಹದಿನೇಳು ವರ್ಷ ಏನಾಗ್ಬೇಕ್ರಿ ಸರ್?"

"ಹದಿನೇಳು ಹದಿನೇಳೇ ಇರ್ತಾವ. ಅವನ್ನ ಯಾರೂ ಒಯ್ಯಂಗಿಲ್ಲ" ಎಂದು ಪೆನ್ನಿನ ಮುಚ್ಚಳ ಹಾಕಿ ನನ್ನ ಕಿಸೆಗೆ ಸಿಕ್ಕಿಸಿದರು.

ಅಷ್ಟಕ್ಕೆ ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆ. ಮರುದಿನವೇ ಇನ್ನೊಂದು ಥರ್ಮಾಮೀಟರು ತಂದು, ಸಿಮೆಂಟು ಹೊರುವ ಬಂಡೆಮ್ಮ ಮತ್ತು ಅವಳ ಗಂಡ ಸಾಬಣ್ಣ ಇದ್ದ ಖೋಲಿಯ ಕಂಬಕ್ಕೆ ನೇತುಹಾಕಿದರು.

"ಏನ್ರಿ ಸರ, ಜ್ವರ ನೋಡೋದೇನ್ರಿ ಇದು?" ಎಂದಳು ಬಂಡೆಮ್ಮ.

"ಹೌದವಾ, ತಗಡಿಗೆ ಜ್ವರ ಬಂದೈತೇನಂತ ನೋಡೂದು."

"ಬಂದೈತ್ರಿ, ನೋಡೂದೇನೈತಿ? ಒಲಿ ಹಚ್ಚೂದು ಬ್ಯಾಡ, ರೊಟ್ಟಿ ಬಡದು ಮ್ಯಾಲ ಒಗದ್ರ ಸಾಕು, ಬೇಯ್ತಾವು. ನೀವು ಬರ್ಕೊಂಡು ಹೋದ್ರ ಥಂಡ ಆಕ್ಕೈತೇನ್ರಿ?"

ಸರ್ ಅಲ್ಲೇ ನಿಂತು ಎರಡನೆಯ ರಿಜಿಸ್ಟರು ತೆರೆದರು. ಪೆಟ್ಟಿಗೆಯೊಳಗೆ ನಲವತ್ತೊಂದು ಇದ್ದ ದಿನ ಶೆಡ್ಡಿನೊಳಗೆ ನಲವತ್ತೈದು. ಹೀಗೆ ಇಪ್ಪತ್ತು ದಿನದ ಅಂಕಿ ಹಿಡಿದು ಎಂಜಿನಿಯರ ಮುಂದೆ, ಗುತ್ತಿಗೆದಾರನ ಮುಂದೆ, ರಿಜಿಸ್ಟ್ರಾರ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವರು ಕೂತರು, ಪಕ್ಕದಲ್ಲಿ ನನ್ನನ್ನೂ ಕೂಡಿಸಿದರು. ಪ್ರಬಂಧ ಬರೆಯಬೇಕಾದ ನನ್ನ ಒಂದು ತಿಂಗಳು ಆ ಬೆಂಚಿನ ಮೇಲೆ ಹೋಯಿತು. ಕೊನೆಗೆ ಅವರ ಕಾಟ ತಾಳಲಾರದೆ, ಬೇಸಿಗೆಯಲ್ಲಿ ಹನ್ನೆರಡರಿಂದ ನಾಲ್ಕರವರೆಗೆ ಕೆಲಸ ನಿಲ್ಲಿಸಲು ಗುತ್ತಿಗೆದಾರ ಒಪ್ಪಿದ. ತಗಡಿನ ಮೇಲೆ ತಾಳೆಗರಿ ಹೊದಿಸಿದೆವು. ಹೊದಿಸಿದೆವು ಎಂದರೆ ಸರ್ ಕೆಳಗೆ ನಿಂತು ಗರಿ ಎಣಿಸಿದರು, ಸಾಬಣ್ಣ ಮತ್ತು ನಾನು ಮೇಲೆ ಹತ್ತಿದೆವು. ಶೆಡ್ಡಿನ ಅಂಕಿ ಮೂರು ಇಳಿಯಿತು. "ಬರದದ್ದಕ್ಕ ಖರೇನ ಥಂಡ ಆತಲ್ರಿ" ಎಂದು ಬಂಡೆಮ್ಮ ನಕ್ಕಳು.

೨೦೧೩ರಲ್ಲಿ ಹಾಸ್ಟೆಲ್ ಮುಗಿದು ಶೆಡ್ಡು ಕಿತ್ತರು. ಸಾಮಾನು ಕಟ್ಟುವ ಮೊದಲು ಬಂಡೆಮ್ಮ ಥರ್ಮಾಮೀಟರನ್ನು ತಂದು ಕೊಟ್ಟಳು, ಹೊಗೆ ಹಿಡಿದದ್ದನ್ನು ಹಾಗೇ ಕೊಡಬಾರದೆಂದು ಬೂದಿಯಿಂದ ಚೆನ್ನಾಗಿ ತಿಕ್ಕಿ ತೊಳೆದು. ಪಟ್ಟಿಯ ಮೇಲೆ ಒಂದು ಅಂಕಿಯೂ ಉಳಿದಿರಲಿಲ್ಲ. ನಾನು ತಲೆ ಚಚ್ಚಿಕೊಂಡೆ. ಸರ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅಂದಿನಿಂದ ಪ್ರತಿ ವರ್ಷ ಮೊದಲ ಪಾಠಕ್ಕೆ ಅದನ್ನು ಮೇಜಿನ ಮೇಲಿಟ್ಟು, ಗಾಳಿಯ ಬಿಸಿ ಬೇರೆ, ಅದರಡಿ ಬದುಕುವವರ ಬಿಸಿ ಬೇರೆ, ಎರಡನ್ನೂ ಅಳೆಯದವನು ಈ ವಿಷಯ ಓದಬಾರದು ಎಂದು ಹೇಳುತ್ತಾರೆ.

ಈ ಜನವರಿಯಲ್ಲಿ ನಾಂಪಲ್ಲಿಯ ವಸ್ತುಪ್ರದರ್ಶನದಲ್ಲಿ ನಮ್ಮ ವಿಭಾಗದ ಮಳಿಗೆಗೆ ನಾನೊಂದು ಬ್ಯಾನರ್ ಮಾಡಿಸಿದೆ. ಪ್ರೊ. ಅಮರೇಶಪ್ಪನವರ ಮೂವತ್ತು ವರ್ಷ ಎಂಬ ತಲೆಬರಹ, ಕೆಳಗೆ ೧೯೯೪ರಿಂದ ಏರುತ್ತ ಹೋದ ಕೆಂಪು ಗೆರೆ. ಗುರುವಿಗೆ ಸಂತೋಷವಾದೀತೆಂದು ಕರೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿ ನೋಡಿ, ವಿದ್ಯಾರ್ಥಿನಿ ಸುಭದ್ರಾಳ ಕೈಯಿಂದ ಮಾರ್ಕರ್ ಇಸಿದುಕೊಂಡು, ೨೦೧೧ರಲ್ಲೊಂದು, ೨೦೧೩ರಲ್ಲೊಂದು ದಪ್ಪ ಗೀಟು ಎಳೆದು, ನಡುವೆ "ತಗಡಿನ ಶೆಡ್ಡು" ಎಂದು ಬರೆದರು.

"ಸರ್, ಜನ ನೋಡಾಕತ್ತಾರ್ರಿ!"

"ನೋಡ್ಲಿ, ಅದಕ್ಕ ಬರ್ದೀನಿ. ಶೆಡ್ಡು ಹೋದ ಮ್ಯಾಲೂ ಹಾಸ್ಟೆಲ್ ನಿಂತೈತಿ. ಜಾಗ ಹೊಸಾದು, ಎಣಿಕಿ ಹೊಸಾದು."

"ಊರು ಕಾಯಾಕತ್ತಿದ್ದು ಸುಳ್ಳಲ್ಲಲ್ರಿ?"

"ಊರು ಕಾಯಾಕತ್ತೈತಿ, ಹೌದು. ಖರೇ ಮಾತಿಗೆ ಶೆಡ್ಡಿನ ಸಾಕ್ಷಿ ಯಾಕ ಬೇಕು ತಮ್ಮಾ?"

ಮುಂದೆ ಪಾಠವೂ ರಿಜಿಸ್ಟರೂ ಪೆಟ್ಟಿಗೆಯ ಕೀಲಿಯೂ ನನ್ನ ಪಾಲಿಗೆ. ಅಭಿನಂದನಾ ಸಮಾರಂಭವನ್ನು ಮಧ್ಯಾಹ್ನ ಎರಡಕ್ಕೆ ಇಡಬೇಡಿ, ಸರ್ ಎರಡೂವರೆಯ ಓದಿಗೆ ನಡುವೆ ಎದ್ದುಹೋಗುತ್ತಾರೆ ಎಂದು ಸಮಿತಿಯವರಿಗೆ ಮೂರು ಸಲ ಹೇಳಿದೆ. ಆಮಂತ್ರಣದಲ್ಲಿ ಎರಡು ಗಂಟೆ ಎಂದೇ ಅಚ್ಚಾಗಿದೆ. ಆ ದಿನ ನಾನೇ ಎದ್ದುಹೋಗುತ್ತೇನೆ, ಯಾರೂ ತಪ್ಪು ತಿಳಿಯಬಾರದು.

ಕೊನೆಗೆ ಹಾರೈಕೆ. ನೂರು ವರ್ಷ ಬಾಳಿರಿ ಎಂದು ಬರೆದರೆ, ನೂರು ಎಲ್ಲಿಂದ ಬಂತೆಂದು ಸರ್ ಕೇಳುತ್ತಾರೆ. ಆದ್ದರಿಂದ ಲೆಕ್ಕದಂತೆಯೇ ಹೇಳುತ್ತೇನೆ. ಮೊದಲ ಎಣಿಕೆ ಹದಿನೇಳಕ್ಕೆ ನಿಂತಿತು. ಎರಡನೆಯದು ೨೦೧೩ರ ಜೂನ್‌ನಲ್ಲಿ ಶುರುವಾಯಿತು, ಮೂವತ್ತು ತುಂಬುವುದು ೨೦೪೩ಕ್ಕೆ. ಸರ್‌ಗೆ ಆಗ ಎಪ್ಪತ್ತೊಂಬತ್ತು. ಕೋಲು ಹಿಡಿದಾದರೂ ಬರಬೇಕು, ಪೆಟ್ಟಿಗೆಯ ಬಾಗಿಲು ತೆಗೆದು ಕಡೆಯ ಅಂಕಿಯನ್ನು ಅವರೇ ಓದಬೇಕು. ಬರೆದುಕೊಳ್ಳಲು ನಾನು ಇರುತ್ತೇನೆ. ಅವರು ಬರದಿದ್ದರೆ ಆ ಜಾಗ ಖಾಲಿ ಬಿಡುತ್ತೇನೆ.