ಅತ್ತಿಗೆಯ ಬಾಯಿಗೆ ಬಾರದ ಹೆಸರು

ನನ್ನ ಅತ್ತಿಗೆ ಸಾಯ್ರಾಕಾನ್ ಈ ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ನನ್ನನ್ನು ಹೆಸರು ಹಿಡಿದು ಕರೆದವಳಲ್ಲ. ಅವಳು ದೊಡ್ಡಪ್ಪನ ಮನೆಗೆ ಸೊಸೆಯಾಗಿ ಬಂದಾಗ ನಾನು ಏಳನೇ ತರಗತಿ. ಹೆಗಲಿಗೆ ಚೀಲ ಹಾಕಿಕೊಂಡು ಅವಳ ಮುಂದೆ ಹಾದುಹೋದೆನಂತೆ, ಅವತ್ತೇ 'ಶಾಲೆಹುಡುಗ' ಎಂದು ಹೆಸರಿಟ್ಟಳು. ಈಗ ನನಗೆ ಐವತ್ತೊಂದು, ತಲೆ ಬೋಳಾಗಿದೆ, ಒಬ್ಬಳು ಮೊಮ್ಮಗಳೂ ಇದ್ದಾಳೆ. ನಾರಿನ್ ಪೇಟೆಯ ಬಸ್ ನಿಲ್ದಾಣದಲ್ಲಿ ಅಷ್ಟು ಜನರ ನಡುವೆ "ಏ ಶಾಲೆಹುಡುಗ" ಎಂದು ಕೂಗುತ್ತಾಳೆ. ನಾನು ಓಡಿಹೋಗುತ್ತೇನೆ, ಜನ ಹುಡುಗನೆಲ್ಲಿ ಎಂದು ಅತ್ತಿತ್ತ ನೋಡುತ್ತಾರೆ.

ನಮ್ಮಲ್ಲಿ ಸೊಸೆಯಂದಿರು ಗಂಡನ ಕಡೆಯವರ ಹೆಸರು ಹೇಳುವುದಿಲ್ಲ. ಈಚಿನ ಹುಡುಗಿಯರು ಇದನ್ನೆಲ್ಲ ಗಾಳಿಗೆ ತೂರಿದ್ದಾರೆ, ನನ್ನ ಸೊಸೆ ನನ್ನ ಹೆಸರು ಹೇಳಿ ಫೋನಿನಲ್ಲಿ ಗ್ಯಾಸ್ ಬುಕ್ ಮಾಡುತ್ತಾಳೆ. ಅತ್ತಿಗೆ ಮಾತ್ರ ಹಿಡಿದ ಪಟ್ಟು ಬಿಟ್ಟವಳಲ್ಲ. ಮೈದುನರಿಗೆಲ್ಲ ಒಂದೊಂದು ಅಡ್ಡಹೆಸರು. ಮಾವನ ವಿಷಯವಂತೂ ಕೇಳಲೇಬೇಡಿ. ನಮ್ಮ ದೊಡ್ಡಪ್ಪ ಗುರುವಾರ ಹುಟ್ಟಿದವರು, ಅದಕ್ಕೇ ಬೇಶೆನಾಲಿ ಎಂದು ನಮ್ಮ ಭಾಷೆಯ ಆ ವಾರದ ಹೆಸರನ್ನೇ ಇಟ್ಟಿದ್ದರು. ಹಾಗಾಗಿ ಗುರುವಾರವೂ ಅತ್ತಿಗೆಯ ಬಾಯಲ್ಲಿ ಬರುವಂತಿಲ್ಲ, 'ಬುಧವಾರದ ಮಾರನೇ ದಿನ' ಎನ್ನುತ್ತಾಳೆ. ದೊಡ್ಡಪ್ಪ ತೀರಿಕೊಂಡು ಇಪ್ಪತ್ತೊಂದು ವರ್ಷವಾಯಿತು, ಅವಳ ವಾರದಲ್ಲಿ ಇನ್ನೂ ಆರೇ ದಿನ.

ಅವಳ ಕಸುಬು ಶಿರ್ದಾಕ್, ಅಂದರೆ ಉಣ್ಣೆಯ ನೆಲಹಾಸು ಮಾಡುವುದು. ಕತ್ತರಿಸಿ ಹೊಲಿಯುವ ಕೆಲಸ ನೋಡಲು ಚೆಂದ, ಕೈಗೂ ಹಿತ. ಅದಕ್ಕಿಂತ ಮುಂಚಿನ ಕೆಲಸವೇ ಪ್ರಾಣ ತೆಗೆಯುವುದು. ಉಣ್ಣೆಯನ್ನು ಚರ್ಮದ ಮೇಲೆ ಹರಡಿ, ಎರಡೂ ಕೈಯಲ್ಲಿ ಕೋಲು ಹಿಡಿದು ದಿನವಿಡೀ ಬಡಿಯಬೇಕು. ಹೋದ ಚಳಿಗಾಲದಿಂದ ಅತ್ತಿಗೆಯ ಬಲಭುಜ ಕಿವಿಯ ಮಟ್ಟಕ್ಕೆ ಏಳುವುದಿಲ್ಲ. ಇನ್ನೊಂದು ವರ್ಷ ಬಡಿದರೆ ಆ ಕೈಯನ್ನು ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಕಸುಬು ಬಿಡು ಎಂದರೆ ಅವಳು ಊಟವನ್ನೇ ಬಿಟ್ಟಾಳು.

ಅಷ್ಟರಲ್ಲಿ ಕೆಳಬೀದಿಯ ತುರ್ದುಕುಲ್ ಮುದುಕ ತನ್ನ ಉಣ್ಣೆ ಹಿಂಜುವ ಯಂತ್ರ ಮಾರಿ ರಾಜಧಾನಿಯಲ್ಲಿರುವ ಮಗಳ ಮನೆಗೆ ಹೊರಟ. ಕೋಲಿನ ಕೆಲಸವನ್ನೆಲ್ಲ ಅದೇ ಮಾಡುತ್ತದೆ, ಬೆಲೆ ಒಂದೂವರೆ ಲಕ್ಷ ಸೋಮ್. ಮೊದಲ ಮಾತು ಅತ್ತಿಗೆಗೇ, ಆದರೆ ಭಾನುವಾರದ ಜಾನುವಾರು ಸಂತೆಯವರೆಗೆ ಮಾತ್ರ. ಆಮೇಲೆ ಕೊಚ್ಕೋರ್ ಊರಿನವನೊಬ್ಬ ಲಾರಿ ತಂದು ಹೊತ್ತುಕೊಂಡು ಹೋಗುತ್ತಾನೆ. ಅತ್ತಿಗೆಯ ಹತ್ತಿರ ಎಪ್ಪತ್ತು ಸಾವಿರ ಇತ್ತು. ಉಳಿದ ಎಂಬತ್ತಕ್ಕೆ ಬ್ಯಾಂಕೇ ಗತಿ.

ಸಾಲ ಅಣ್ಣನ ಹೆಸರಲ್ಲಿ ತೆಗೆಯಬಹುದಿತ್ತಲ್ಲ ಎನ್ನುತ್ತೀರಿ. ನನ್ನ ಅಣ್ಣ ಕುಬಾತ್, ಅಂದರೆ ದೊಡ್ಡಪ್ಪನ ಮಗ, ಕುರಿಗಳ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿದ್ದಾನೆ. ಅವನ ಗುರುತಿನ ಚೀಟಿಯ ಅವಧಿ ಮುಗಿದು ಮೂರು ವರ್ಷವಾಯಿತು. ಕುರಿಗಳು ಕೇಳಿಲ್ಲ, ಅವನೂ ಮಾಡಿಸಿಲ್ಲ. ಹೀಗಾಗಿ ಸೋಮವಾರ ಬೆಳಿಗ್ಗೆ ಅತ್ತಿಗೆಯನ್ನು ನನ್ನ ಹಳೆಯ ಝಿಗುಲಿ ಕಾರಿನಲ್ಲಿ ಕೂರಿಸಿಕೊಂಡು ಘಟ್ಟ ದಾಟಿ ನಾರಿನ್‌ಗೆ ಹೋದೆ.

ಬ್ಯಾಂಕಿನಲ್ಲಿ ಬೇಗಾಯ್ ಎಂಬ ಹುಡುಗಿ. ಒಳ್ಳೆಯವಳೇ, ಪಾಪ, ಕಂಪ್ಯೂಟರು ಹೇಳಿದಂತೆ ಕುಣಿಯಬೇಕಾದವಳು. ಅತ್ತಿಗೆಯ ಚೀಟಿಯ ನಂಬರು ಒತ್ತಿ ಮುಖ ಸಪ್ಪೆ ಮಾಡಿದಳು.

"ಅಕ್ಕ, ನಿಮ್ಮ ಹೆಸರಲ್ಲಿ ಸಾಲದ ಇತಿಹಾಸನೇ ಇಲ್ಲ."

"ಇಲ್ದೇ ಇರೋದು ಒಳ್ಳೇದಲ್ವೇನಮ್ಮ? ನಾನು ಯಾರ ಹತ್ರನೂ ಕೈ ಚಾಚಿದೋಳಲ್ಲ."

"ಅದೇ ತೊಂದರೆ ಅಕ್ಕ. ನೀವು ತೀರಿಸೋರೋ ಅಲ್ವೋ ಅಂತ ಇದಕ್ಕೆ ಹ್ಯಾಗೆ ಗೊತ್ತಾಗ್ಬೇಕು?"

ನನಗೆ ರೇಗಿಹೋಯಿತು. ಹುಟ್ಟಿದಾಗಿನಿಂದ ಒಬ್ಬರ ಒಂದು ಕಾಸು ಇಟ್ಟುಕೊಳ್ಳದ ಹೆಂಗಸು ನಂಬಿಕೆಗೆ ಯೋಗ್ಯಳಲ್ಲವಂತೆ. ನಾನು ಜಾಮೀನು ನಿಲ್ಲುತ್ತೇನೆ ಎಂದು ಎದೆ ಸೆಟೆಸಿ ಚೀಟಿ ಕೊಟ್ಟೆ. ಪರದೆಯೆಲ್ಲ ಕೆಂಪಾಯಿತು. ಮೂರು ಬ್ಯಾಂಕಿನ ಬಾಕಿ, ಒಂದು ಫೋನಿನ ಅಂಗಡಿಯ ಬಾಕಿ, ಮೇಲೆ ನಾನು ಜಾಮೀನು ನಿಂತಿದ್ದ ನನ್ನ ಹೆಂಡತಿಯ ತಮ್ಮನ ಟ್ರ್ಯಾಕ್ಟರು, ಅವನು ಕಂತು ಕಟ್ಟದೆ ರಷ್ಯಾಕ್ಕೆ ಓಡಿದ್ದು, ಎಲ್ಲವೂ ಅಲ್ಲಿತ್ತು. ಹೊರಗೆ ಕುಳಿತರೆ ಅಕ್ಕನಿಗೆ ಅನುಕೂಲ ಎಂದು ಬೇಗಾಯ್ ಬಹಳ ಮರ್ಯಾದೆಯಿಂದ ನನಗೆ ಬಾಗಿಲು ತೋರಿಸಿದಳು. ವಾಪಸು ಬರುವಾಗ ಅತ್ತಿಗೆ ಘಟ್ಟ ಇಳಿಯುವವರೆಗೂ ನಕ್ಕಳು.

"ಶಾಲೆಹುಡುಗ, ನಿನ್ನ ಇತಿಹಾಸ ಭಾಳ ದಪ್ಪ ಐತಲ್ಲೋ, ನಂಗೊಂದು ಚೂರು ಕೊಡಬಾರ್ದಾ?"

ಹೊಸಬರಿಗೂ ಒಂದು ದಾರಿ ಇತ್ತು. ಸಂಬಳದವರೊಬ್ಬರ ಜಾಮೀನು, ಊರಿನ ಆಫೀಸಿನಿಂದ ವಿಳಾಸದ ಕಾಗದ, ಆದಾಯದ ಕಾಗದ. ಮಂಗಳವಾರ ಪೂರ್ತಿ ಅದಕ್ಕೇ ಹೋಯಿತು. ಶಾಲೆಯ ಗಣಿತದ ಮೇಷ್ಟ್ರು ಕೇಳಿದ ತಕ್ಷಣ ಸಹಿ ಹಾಕಿದರು. ಊರಿನ ಆಫೀಸಿನ ಗುಮಾಸ್ತ ಮಾತ್ರ ತಿಂಗಳ ಆದಾಯ ಎಷ್ಟು ಎಂದು ಕೇಳಿ ಪೆನ್ನು ಹಿಡಿದುಕೊಂಡು ಕುಳಿತ. ಒಂದು ತಿಂಗಳು ನೆಲಹಾಸು ಹೋಗುತ್ತದೆ, ಮೂರು ತಿಂಗಳು ಹೋಗುವುದಿಲ್ಲ ಎಂದರೆ ಅವನ ಚೌಕದಲ್ಲಿ ಅದಕ್ಕೆ ಜಾಗವಿಲ್ಲ. ಬೀದಿಯ ಹೆಸರು ಬದಲಾಗಿ ಮನೆಯ ನಂಬರೂ ಬದಲಾಗಿತ್ತು. ಚೀಟಿಯ ಪ್ರಕಾರ ಅತ್ತಿಗೆ ಇದ್ದದ್ದು ಪಶುವೈದ್ಯರ ಕೊಟ್ಟಿಗೆಯಲ್ಲಿ. ಅವಳು ಒಂದು ಬಟ್ಟೆಗಂಟಿನ ತುಂಬ ಬಿಸಿ ಬೋರ್ಸೋಕ್ ಹಿಟ್ಟಿನುಂಡೆ ಕರಿದು ತಂದುಕೊಟ್ಟ ಮೇಲೆ ಗುಮಾಸ್ತನಿಗೆ ಎಲ್ಲ ಅರ್ಥವಾಯಿತು.

ಬುಧವಾರ ಗೆದ್ದೆವೆಂದುಕೊಂಡೇ ಹೋದೆವು. ಬೇಗಾಯ್ ಕಾಗದಗಳನ್ನು ಜೋಡಿಸಿ, ಇನ್ನೊಂದೇ ಕೆಲಸ ಎಂದಳು. ಯಾರದೋ ಚೀಟಿ ತಂದು ಇನ್ಯಾರೋ ಸಾಲ ಎತ್ತಿದ ಪ್ರಕರಣಗಳು ಹೆಚ್ಚಾಗಿ, ಸಾಲ ಕೇಳುವವರು ಕ್ಯಾಮೆರಾದ ಮುಂದೆ ಕೂತು, ಚೀಟಿಯಲ್ಲಿರುವ ಪೂರ್ತಿ ಹೆಸರನ್ನು ತಮ್ಮ ಬಾಯಿಂದಲೇ ಹೇಳಬೇಕೆಂದು ಹೊಸ ನಿಯಮ. ದಿನಕ್ಕೆ ಮೂರು ಸಲ ಅವಕಾಶ. ತಪ್ಪಿದರೆ ಅವತ್ತಿಗೆ ಬೀಗ.

ಇಲ್ಲೇ ಸಿಕ್ಕಿಕೊಂಡೆವು. ಅತ್ತಿಗೆಯ ಚೀಟಿಯಲ್ಲಿರುವುದು ಸಾಯ್ರಾಕಾನ್ ಬೇಶೆನಾಲಿಯೇವಾ. ಮದುವೆಯಾದ ದಿನದಿಂದ ಅವಳ ಮನೆತನದ ಹೆಸರೇ ಮಾವನ ಹೆಸರು. ಆಸ್ಪತ್ರೆಯಲ್ಲಿ, ಚುನಾವಣೆಯಲ್ಲಿ, ಮಗನ ಶಾಲೆಯಲ್ಲಿ ಇಷ್ಟು ವರ್ಷವೂ ಚೀಟಿ ಚಾಚಿಬಿಡುತ್ತಿದ್ದಳು, ಓದಿಕೊಳ್ಳುವವರು ಓದಿಕೊಳ್ಳುತ್ತಿದ್ದರು. ಚೀಟಿಯನ್ನು ಬದಿಗಿಟ್ಟು ಬಾಯಿ ತೆರೆ ಎಂದು ಅವಳಿಗೆ ಹೇಳಿದ್ದು ಇದೇ ಮೊದಲು.

ಮೊದಲ ಸಲ, "ನಾನು ಸಾಯ್ರಾಕಾನ್, ನಮ್ಮ ಹಿರಿಯರ ಮನೆ ಸೊಸೆ" ಎಂದಳು. ಹೆಸರು ಹೊಂದುತ್ತಿಲ್ಲ ಎಂದು ಬಂತು. ಎರಡನೇ ಸಲ ಮಾತಾಡದೆ ಚೀಟಿಯನ್ನೇ ಕ್ಯಾಮೆರಾಕ್ಕೆ ಹಿಡಿದಳು. ಅದೂ ನಡೆಯಲಿಲ್ಲ. ಮೂರನೇ ಸಲ ಅವಳು ತುಟಿ ಅಲ್ಲಾಡಿಸುವಾಗ ನಾನು ಹಿಂದೆ ಬಗ್ಗಿ, ಆದಷ್ಟು ಹೆಣ್ಣುದನಿ ಮಾಡಿ ಹೆಸರು ಹೇಳಿದೆ. ಪರದೆ ಕೆಂಪಾಗಿ ಬೀಗ ಬಿತ್ತು. ಕಾವಲುಗಾರ ಗೋಡೆ ಕಡೆ ತಿರುಗಿ ಭುಜ ಕುಣಿಸುತ್ತಿದ್ದ.

ಬೇಗಾಯ್‌ಗೆ ಕೆಡುಕೆನಿಸಿತು. ತನ್ನ ತಾಯಿಯೂ ಹೀಗೇ ಎಂದಳು. ತವರಿನ ಹೆಸರಿಗೆ ಚೀಟಿ ಬದಲಾಯಿಸಿದರೆ ಆ ಹೆಸರನ್ನು ಧಾರಾಳವಾಗಿ ಹೇಳಬಹುದಲ್ಲ, ಹತ್ತು ದಿನದ ಕೆಲಸ ಎಂದು ದಾರಿ ತೋರಿಸಿದಳು. ಅತ್ತಿಗೆ ಬೇಡವೆಂದು ತಲೆಯಾಡಿಸಿದಳು. ಹತ್ತು ದಿನ ಇರಲಿಲ್ಲ ಎಂಬುದು ಒಂದು. ಇದ್ದಿದ್ದರೂ ಅವಳು ಮಾಡುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ದಾರಿಯಲ್ಲಿ ಕಾರು ನಿಲ್ಲಿಸಿ, ಇಲ್ಲಿ ಯಾರೂ ಇಲ್ಲ, ನಾನು ಕಿವಿ ಮುಚ್ಚಿಕೊಳ್ಳುತ್ತೇನೆ, ಒಂದು ಸಲ ಹೇಳಿ ಅಭ್ಯಾಸ ಮಾಡಿಕೊಳ್ಳಿ ಎಂದೆ. ಕಿವಿಯನ್ನೂ ಮುಚ್ಚಿದೆ. ಅವಳ ಬಾಯಿ ತೆರೆಯಿತು, ಉಸಿರು ಬಂತು, ಅಷ್ಟೇ.

"ಆಗಲ್ವೋ," ಎಂದಳು. "ನಾನು ಬಂದ ಹೊಸದ್ರಲ್ಲಿ ಅವ್ರು ತಮ್ಮ ಮನೆಗೇ ಕೆಮ್ಮಿ ಒಳಗೆ ಬರೋರು. ನಾನು ತಲೆ ಮೇಲೆ ಬಟ್ಟೆ ಸರಿ ಮಾಡ್ಕೊಳ್ಲಿ ಅಂತ. ಹೊರಗೆ ಹಿಮ ಬೀಳ್ತಿದ್ರೂ ನಿಂತು ಕೆಮ್ಮೋರು. ಅಂಥೋರನ್ನ ದಾರೀಲಿ ಹೋಗೋರ ಹಾಗೆ ಹೆಸರು ಹಿಡಿದು ಹ್ಯಾಗೆ ಕರೀಲಿ? ಬಿಡು, ಕೋಲೇ ನಂಗೆ ಗಟ್ಟಿ."

ನಾನು ಮತ್ತೆ ಕಾರು ಹೊರಡಿಸಿದೆ. ಆ ಭುಜ ಇನ್ನೆಷ್ಟು ದಿನ ಬಡಿದೀತು?

ಮನೆಗೆ ಬಂದು ಅತ್ತೆಗೆ, ಅಂದರೆ ನನ್ನ ದೊಡ್ಡಮ್ಮ ಕಾಲ್ಬುಬುವಿಗೆ, ಕಾಗದ ಸರಿಯಿಲ್ಲವಂತೆ ಎಂದಷ್ಟೇ ಹೇಳಿ ಅತ್ತಿಗೆ ಹಾಲು ಕರೆಯಲು ಹೋದಳು. ದೊಡ್ಡಮ್ಮನಿಗೆ ಎಂಬತ್ತೆರಡು. ಬೀದಿಯಲ್ಲಿ ಯಾವ ಸೊಸೆ ಹೇಗೆ ಬಗ್ಗಿ ನಮಸ್ಕರಿಸಿದಳು ಎಂಬುದರ ಲೆಕ್ಕ ಈಗಲೂ ಅವಳ ಹತ್ತಿರ ಇದೆ, ಆ ವಿಷಯದಲ್ಲಿ ಎಲ್ಲರಿಗೂ ಅವಳನ್ನು ಕಂಡರೆ ನಡುಕ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಚಹಾ ಕುಡಿಯುತ್ತಾ ಎಲ್ಲ ಹೇಳಿಬಿಟ್ಟೆ, ಬೈಗುಳಕ್ಕೆ ತಯಾರಾಗಿ ಕೂತೆ. ಅವಳು ಮೂರು ಪ್ರಶ್ನೆ ಕೇಳಿದಳು. ಹೆಸರು ಕೇಳಿದ ಮೇಲೆ ಆ ಯಂತ್ರ ಅದನ್ನು ಏನು ಮಾಡುತ್ತದೆ? ಅಲ್ಲಿ ಗಂಡಸರು ಎಷ್ಟು ಜನ ಇರುತ್ತಾರೆ? ನಿನ್ನ ಕಾರಿನಲ್ಲಿ ಪೆಟ್ರೋಲು ಇದೆಯೇ?

ಮರುದಿನ ಬೆಳಿಗ್ಗೆ ದೊಡ್ಡಮ್ಮ ಪೆಟ್ಟಿಗೆಯಲ್ಲಿದ್ದ ಬಿಳಿಯ ತಲೆವಸ್ತ್ರ ಸುತ್ತಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಬರುವುದಿಲ್ಲ ಎಂದು ಹಟ ಹಿಡಿದ ಅತ್ತಿಗೆಗೆ, ಬಾ ಎಂದು ಕಣ್ಣಲ್ಲೇ ಹೇಳಿದಳು. ಆ ಕಣ್ಣಿಗೆ ಎದುರಾಡುವವರು ನಮ್ಮ ಮನೆಯಲ್ಲಿ ಹುಟ್ಟಿಲ್ಲ.

ಬ್ಯಾಂಕಿನಲ್ಲಿ ಕ್ಯಾಮೆರಾದ ಮುಂದಿನ ಕುರ್ಚಿಗೆ ದೊಡ್ಡಮ್ಮ ನೇರವಾಗಿ ಹೋಗಿ ಕೂತಳು. ಸಾಲ ತೆಗೆದುಕೊಳ್ಳುವವರು ಮಾತ್ರ ಅಲ್ಲಿ ಕೂರಬೇಕು ಅಜ್ಜಿ ಎಂದು ಬೇಗಾಯ್ ಮೆಲ್ಲಗೆ ಹೇಳಿದಳು.

"ನಾನು ಸಾಲಕ್ಕೆ ಬಂದಿಲ್ಲ ಮಗ. ಆ ಹೆಸರು ಹೇಳೋದಾದ್ರೆ ಮೊದಲು ಹೇಳ್ಬೇಕಾದೋಳು ನಾನು. ಇವಳಿಗೆ ಮಾವ ಆಗೋಕೆ ಮುಂಚೆ ಅವರು ನಂಗೆ ಗಂಡ."

ಅರವತ್ಮೂರು ವರ್ಷದ ಹಿಂದೆ ಆ ಮನೆಗೆ ಬಂದವಳು. ಅವರ ಜೊತೆ ನಲವತ್ತೆರಡು ವರ್ಷ ಬಾಳಿ, 'ಇಲ್ಲಿ ಕೇಳಿ', 'ಕುಬಾತನ ಅಪ್ಪ', ಸಿಟ್ಟು ಬಂದಾಗ 'ಈ ಮುದುಕ', ಹೀಗೇ ಕಾಲ ಹಾಕಿದವಳು. ಗೋರಿಯ ಕಲ್ಲಿನ ಮೇಲೆ ಕೆತ್ತಿದ್ದನ್ನು ಬೆರಳಲ್ಲಿ ಮುಟ್ಟಿದ್ದನ್ನು ನೋಡಿದ್ದೇನೆ, ಓದಿದ್ದನ್ನು ಕೇಳಿಲ್ಲ. ಈಗ ತಲೆವಸ್ತ್ರದ ತುದಿ ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು.

"ಬೇಶೆನಾಲಿ," ಎಂದಳು.

ಮೆಲ್ಲಗೇನೂ ಅಲ್ಲ. ಹಣ ಎಣಿಸುವ ಕಿಟಕಿಯವನು ಕೂಡ ತಲೆಯೆತ್ತಿದ. ಅತ್ತಿಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ನನ್ನ ಕಣ್ಣು ಯಾಕೆ ಒದ್ದೆಯಾಯಿತೋ, ನಾನು ಆ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳಿ ಬೆಳೆದವನು.

"ನೋಡು, ಛಾವಣಿ ಬೀಳಲಿಲ್ಲ," ಎಂದು ದೊಡ್ಡಮ್ಮ ಎದ್ದು ಕುರ್ಚಿ ಬಿಟ್ಟುಕೊಟ್ಟಳು. "ಈಗ ನೀನು ಹೇಳು ಮಗಳೇ. ಬೈದ್ರೆ ಅವರು ನನ್ನ ಬೈತಾರೆ. ನಿನ್ನ ಭುಜ ಹಾಳಾದ್ರೆ ಅದಕ್ಕೂ ನನ್ನನ್ನೇ ಕೇಳ್ತಾರೆ."

ಅತ್ತಿಗೆ ಕೂರಲಿಲ್ಲ. ಹೊಸ ಸೊಸೆ ಮಾವನ ಮುಂದೆ ಬಗ್ಗುವ ಹಾಗೆ, ಎದೆಯ ಮೇಲೆ ಕೈ ಕಟ್ಟಿ, ಕ್ಯಾಮೆರಾಕ್ಕೆ ಮೂರು ಸಲ ಬಗ್ಗಿ ನಮಸ್ಕಾರ ಮಾಡಿದಳು. ಮುಖ ಕಾಣುತ್ತಿಲ್ಲ ಎಂದು ಯಂತ್ರ ಒಂದು ಅವಕಾಶ ನುಂಗಿತು. ಬೇಗಾಯ್ ಅವಳ ಭುಜ ಹಿಡಿದು ಕೂರಿಸಿದಳು. ಎರಡನೇ ಸಲ ಅತ್ತಿಗೆ ಕಣ್ಣು ತಗ್ಗಿಸಿಕೊಂಡೇ, ಯಾರಿಗೋ ಕ್ಷಮೆ ಕೇಳುವ ದನಿಯಲ್ಲಿ ಪೂರ್ತಿ ಹೆಸರು ಹೇಳಿದಳು. ಪರದೆ ಹಸಿರಾಯಿತು. ಕಾವಲುಗಾರ ಚಪ್ಪಾಳೆ ಹೊಡೆದ, ಆಮೇಲೆ ತಾನು ಕಾವಲುಗಾರ ಎಂದು ನೆನಪಾಗಿ ಟೋಪಿ ಸರಿಮಾಡಿಕೊಂಡ.

ಭಾನುವಾರಕ್ಕೆ ಮುಂಚೆಯೇ ಯಂತ್ರ ನಮ್ಮ ಬೀದಿಗೆ ಬಂತು. ಅದರ ಸದ್ದಿಗೆ ಪಶುವೈದ್ಯರ ಕೋಳಿಗಳು ಮೊಟ್ಟೆ ಇಡುವುದನ್ನು ಬಿಟ್ಟಿವೆಯಂತೆ. ಬೀದಿಯ ಹೆಂಗಸರೆಲ್ಲ ಉಣ್ಣೆ ಹೊತ್ತು ತರುತ್ತಾರೆ. ಅತ್ತಿಗೆ ಎಡಗೈಯಲ್ಲಿ ಗುಂಡಿ ಒತ್ತಿ, ಬಲಗೈಯಲ್ಲಿ ಚಹಾ ಹಿಡಿದು ಕೂರುತ್ತಾಳೆ. ಕಂತನ್ನು ಎರಡು ದಿನ ಮುಂಚೆಯೇ ಕಟ್ಟುತ್ತಾಳೆ, ನನ್ನ ಹಾಗೆ ಇತಿಹಾಸ ಮಾಡಿಕೊಳ್ಳಬಾರದಂತೆ. ಆ ಹೆಸರನ್ನು ಮತ್ತೆ ಅವಳು ಹೇಳಿಲ್ಲ, ಗುರುವಾರ ಈಗಲೂ ಬುಧವಾರದ ಮಾರನೇ ದಿನವೇ.

ಆದರೆ ನಾನು ಹೇಳಬೇಕೆಂದಿದ್ದು ಅವತ್ತು ವಾಪಸು ಬಂದ ದಾರಿಯ ಮಾತು. ಘಟ್ಟ ಹತ್ತುವಾಗ ಮೂವರೂ ಜೋರಾಗಿ ನಗುತ್ತಿದ್ದೆವು. ಅತ್ತಿಗೆ ನನ್ನ ಹೆಣ್ಣುದನಿಯನ್ನು ಅಣಕಿಸುತ್ತಿದ್ದಳು. ಇಳಿಜಾರಿಗೆ ಬಂದೆವು. ಸ್ವಲ್ಪ ದೂರ ಹೋದ ಮೇಲೆ ದೊಡ್ಡಮ್ಮ, ಕಿಟಕಿಯಿಂದಾಚೆ ನೋಡುತ್ತಾ, ಹೊಸ ಬಟ್ಟೆ ಮುಟ್ಟಿ ನೋಡುವಂತೆ ಆ ಹೆಸರನ್ನು ಮತ್ತೆ ಹೇಳಿದಳು.

"ಚೆನ್ನಾಗಿದೆ ಹೆಸರು," ಎಂದಳು. "ಒಂದು ಸಲನಾದ್ರೂ ಕರೀಬಹುದಿತ್ತು."

ಅತ್ತಿಗೆ ಅವಳ ಕೈ ಹಿಡಿದುಕೊಂಡಳು. ನಾನು ಗಾಡಿ ನಿಧಾನ ಮಾಡಿದೆ. ದೊಡ್ಡಮ್ಮ ಸೀಟಿನಲ್ಲಿ ನೆಟ್ಟಗೆ ಕೂತು, ಹಿತ್ತಿಲಿನಲ್ಲಿರುವವರಿಗೆ ಒಳಗಿನಿಂದ ಕೂಗುವ ದನಿಯಲ್ಲಿ, ಸ್ವಲ್ಪ ಗದರಿಕೆ ಸೇರಿಸಿ ಹೇಳಿದಳು:

"ಬೇಶೆನಾಲಿ, ಬನ್ನಿ ಒಳಗೆ, ಚಹಾ ಆರ್ತಾ ಇದೆ."