ಧೂಳಿನ ಊರಲ್ಲಿ ಬಿಳಿ ಚೌಕಟ್ಟು

ಸಂಡೂರಿನಲ್ಲಿ ಮನೆಯ ಬಣ್ಣ ಆರಿಸುವುದು ನಾವಲ್ಲ, ಧೂಳು. ಅದಿರಿನ ಲಾರಿಗಳು ಎಬ್ಬಿಸುವ ಕೆಂಪು ಕಾಣಬಾರದೆಂದು ಗೋಡೆಗೆ ಇಟ್ಟಿಗೆ ಬಣ್ಣ, ಬಾಗಿಲಿಗೂ ಚೌಕಟ್ಟಿಗೂ ಚಾಕೊಲೇಟ್ ಬಣ್ಣ. ನಮ್ಮ ಮನೆಯೂ ಹಾಗೇ ಇತ್ತು. ಕಣ್ಣು ಚೆನ್ನಾಗಿದ್ದಾಗ ನನಗೇನೂ ಅನ್ನಿಸಿರಲಿಲ್ಲ.

ಕಣ್ಣು ಮಂಜಾಗುತ್ತ ಬಂದಮೇಲೆ ಆ ಬಣ್ಣಗಳೆಲ್ಲ ಒಂದರೊಳಗೊಂದು ಕರಗಿಹೋದವು. ಗೋಡೆ ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಶುರುವಾಯಿತು, ತಿಳಿಯದು. ಇನ್ನು ಸುಧಾರಿಸುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಒಂದು ದಿನ ಅಡುಗೆಮನೆಗೆ ಹೋಗುತ್ತ ಚೌಕಟ್ಟಿಗೆ ಹಣೆ ಬಡಿದುಕೊಂಡೆ. ಅವತ್ತಿನಿಂದ ನಮ್ಮ ಯಜಮಾನರು ಮನೆಯೊಳಗೂ ನನ್ನ ಕೈ ಹಿಡಿದೇ ನಡೆಸತೊಡಗಿದರು. ಪ್ರೀತಿಯೇ, ಇಲ್ಲವೆನ್ನಲಾರೆ. ಆದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ನನ್ನ ಒಲೆಯ ಹತ್ತಿರ ಹೋಗಲು ನನಗೆ ಇನ್ನೊಬ್ಬರ ಕೈ ಬೇಕೇ?

“ಚೌಕಟ್ಟಿಗೆ ಬಿಳಿ ಬಣ್ಣ ಹಚ್ಚಸ್ರಿ, ನನಗ ಕಾಣತೈತಿ,” ಅಂದೆ.

“ಈ ಊರಾಗ ಬಿಳೀನಾ? ಎರಡು ದಿನಕ್ಕ ಕೆಂಪಾಗತೈತಿ. ಕೈ ಹಿಡಕೊಂಡು ಹೋಗಾಕ ನಾ ಅದೀನಲ್ಲ!”

ಅವರು ನಮ್ಮ ಅಂಗಡಿಗೆ ಸಾಮಾನು ತರಲು ಹೊಸಪೇಟೆಗೆ ಹೋದ ದಿನ ನಾನೇ ಬ್ರಷ್ ಹಿಡಿದೆ. ಪಕ್ಕದ ಮನೆಯಾಕೆಯಿಂದ ಬಣ್ಣ, ಟೇಪು ಎಲ್ಲ ಮೊದಲೇ ತರಿಸಿಟ್ಟಿದ್ದೆ.

ಹಸಿ ಬಣ್ಣಕ್ಕೆ ಧೂಳು ಕೂರದಿರಲಿ ಎಂದು ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿದೆ. ಅಡುಗೆಮನೆಯ ಚೌಕಟ್ಟನ್ನು ಎಮರಿ ಪೇಪರಿನಿಂದ ತಿಕ್ಕಿ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟೆ. ಆಮೇಲೆ ಗೋಡೆಯ ಅಂಚಿಗೆ ಟೇಪು. ಅಂಚು ಕಾಣದಿದ್ದರೇನು, ವರ್ಷಗಟ್ಟಲೆ ರವಿಕೆ ಹೊಲಿದ ಬೆರಳುಗಳಿವು. ಬಟ್ಟೆಯಲ್ಲಿ ಹೊಲಿಗೆ ಹುಡುಕಿದ ಹಾಗೆ ಗೋಡೆಗೂ ಮರಕ್ಕೂ ನಡುವಿನ ಸಂದು ಹುಡುಕಿದವು. ಟೇಪಿನ ಅಂಚನ್ನು ಉಗುರಿನಿಂದ ಒತ್ತಿ ಒತ್ತಿ ಕೂರಿಸಿದೆ. ಅಲ್ಲಿ ಸಡಿಲ ಬಿಟ್ಟರೆ ಬಣ್ಣ ಒಳಗೆ ನುಗ್ಗುತ್ತದೆ.

ಬ್ರಷ್ಷಿನ ತುದಿಯನ್ನಷ್ಟೇ ಅದ್ದಿ, ಡಬ್ಬಿಯ ಒಳಬದಿಗೆ ತಟ್ಟಿ, ಟೇಪಿನ ಕಡೆಯಿಂದ ಮರದ ಕಡೆಗೆ ಎಳೆದೆ. ಬಿಳಿ ಬಿದ್ದಲ್ಲೆಲ್ಲ ಬಾಗಿಲು ನನಗೆ ಕಾಣತೊಡಗಿತು. ಖುಷಿಗೆ ಅಳು ಬಂತು. ಕೈ ಮಾತ್ರ ನಿಲ್ಲಿಸಲಿಲ್ಲ. ಒಣಗಿದ ಮೇಲೆ ಟೇಪು ಕಿತ್ತರೆ ಬಣ್ಣವೂ ಎದ್ದು ಬರುತ್ತದೆ, ಅದಕ್ಕೇ ಹಸಿ ಇರುವಾಗಲೇ ಓರೆಯಾಗಿ, ನಿಧಾನಕ್ಕೆ ಎಳೆದು ತೆಗೆದೆ. ಗೆರೆ ನೆಟ್ಟಗೆ ನಿಂತಿತ್ತು. ಅದರ ಮೇಲೆ ಇನ್ನೊಂದು ಸಲ ಬಳಿಯಬೇಕಿತ್ತು, ಅದು ನಾಳೆಗೆ.

ಸಂಜೆ ನಮ್ಮವರು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟರು. ನಾನು ನಡುಮನೆಯಲ್ಲಿದ್ದೆ.

“ಧೂಳು ಕುಂದರತೈತಿ ನೋಡು,” ಅಂದರು.

“ಕುಂದರ್ಲಿ. ದಿನಾ ಒರಸ್ತೀನಿ.”

“ಬಾ, ಕೈ ಕೊಡು.” ಅಭ್ಯಾಸಬಲ, ಕೈ ಚಾಚಿದ್ದರು. ಎರಡು ಬಿಳಿ ಗೆರೆಗಳ ನಡುವೆ ಅವರು ಕಪ್ಪಗೆ, ದಪ್ಪಗೆ ಕಾಣುತ್ತಿದ್ದರು.

“ಬ್ಯಾಡ್ರಿ,” ಅಂದೆ. “ಬಾಗಿಲಾಗ ನೀವ ಅಡ್ಡ ನಿಂತೀರಿ. ಸರೀರಿ, ಚಾ ಮಾಡ್ತೀನಿ.”