ನಿಮ್ಮ ದನಿಗೆ ಹೊರಿಸಿದ ತಪ್ಪು

ಕಾಕೂ, ಅವತ್ತು ಒಡೆದದ್ದು ನಿಮ್ಮ ದನಿಯಲ್ಲ, ನಾನು ಮಾಡಿದ ಧ್ವನಿಮುದ್ರಣ. ಅದು ನನಗೆ ಅವತ್ತೇ ಗೊತ್ತಿತ್ತು — ಗೊತ್ತಿದ್ದೂ ತಪ್ಪನ್ನು ನಿಮ್ಮ ಗಂಟಲಿನ ಮೇಲೆ ಹಾಕಿದೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತಿದೆ.

ಕೇಶ್ವಾಪುರದ ನಮ್ಮ ಸ್ಟುಡಿಯೋಕ್ಕೆ ಆಗಷ್ಟೇ ಡಿಜಿಟಲ್ ಮಿಕ್ಸರ್ ಬಂದಿತ್ತು. ನಾನು ಕ್ಯಾಸೆಟ್ಟಿನ ಕಾಲವಿಡೀ ಟೇಪಿನ ಮೇಲೆ ಕೈ ಪಳಗಿಸಿಕೊಂಡವನು. ಟೇಪಿನಲ್ಲಿ ದನಿಯ ಮಟ್ಟ ತೋರಿಸುವ ಮುಳ್ಳು ತುಸು ಕೆಂಪಿಗೆ ಹೋದರೆ ದನಿ ತುಂಬಿಕೊಂಡು ಬರುತ್ತಿತ್ತು. ಅದೇ ನನ್ನ ಕೈಚಳಕ ಎಂದು ಮೆರೆಯುತ್ತಿದ್ದೆ. ಹೊಸ ಯಂತ್ರ ಕೂರಿಸಿಕೊಟ್ಟವರು, "ಇದರಾಗ ಮ್ಯಾಲ ಒಂದೀಟು ಜಾಗಾ ಬಿಟ್ಟು ಲೆವೆಲ್ ಇಡ್ರಿ, ತುದಿ ಮುಟ್ಟಿದ್ರ ದನಿ ಕತ್ತರಿಸಿ ಹೋಗ್ತೈತಿ" ಎಂದಿದ್ದರು. ನನಗೇ ಹೇಳಿಕೊಡಲು ಬಂದರು ಎಂದು ನಕ್ಕುಬಿಟ್ಟೆ.

ನೀವು ಮದುವೆಯಾದಾಗಿನಿಂದ ದೇವರ ಮನೆಯಲ್ಲಿ, ಅರಿಷಿಣ-ಕುಂಕುಮಕ್ಕೆ ಕರೆದವರ ಮನೆಗಳಲ್ಲಿ ಮಾತ್ರ ಹಾಡಿದವರು. ನಿಮ್ಮ ದಾಸರ ಪದಗಳದ್ದೊಂದು ಸಿ.ಡಿ. ಆಗಲಿ ಎಂದು ಕೊನೆಗೆ ಕಾಕಾ ತಾವೇ ನಿಮ್ಮನ್ನು ಕರೆತಂದಿದ್ದರು. ಲೆವೆಲ್ ನೋಡಲು "ಒಂಚೂರು ಹಾಡ್ರಿ" ಎಂದೆ. ನೀವು ರಿವಾಜಿನಂತೆ ಕೆಳಗಿನ ಸ್ವರಗಳಲ್ಲಿ, ಮಗುವನ್ನು ಮಲಗಿಸುವಷ್ಟು ಮೆಲ್ಲಗೆ, ಆಲಾಪ ಹಿಡಿದಿರಿ. ಆ ಮೆಲುದನಿಗೇ ಗುಂಡಿ ತಿರುಗಿಸಿ ಮಿಕ್ಸರಿನಲ್ಲಿ ಲೆವೆಲ್ ತೋರಿಸುವ ದೀಪಗಳನ್ನು ತುದಿಯ ಹತ್ತಿರ ತಂದಿಟ್ಟೆ. ಮೇಲಿನ ಷಡ್ಜವನ್ನು ಒಮ್ಮೆ ತುಂಬುಗಂಟಲಲ್ಲಿ ಹಾಡಿಸಿ ನೋಡಬೇಕಿತ್ತು — ನೋಡಲಿಲ್ಲ. ಪದ ಏರಿದಾಗ ತುದಿಯ ಕೆಂಪು ದೀಪ ಹತ್ತಿತು. ಕಂಡೆ. ತಬಲಾದವರ, ಹಾರ್ಮೋನಿಯಂನವರ ಎದುರು ಹಾಡು ನಿಲ್ಲಿಸಿ, ತಪ್ಪು ನನ್ನದು ಎನ್ನಲು ಸೊಕ್ಕು ಬಿಡಲಿಲ್ಲ.

ಮುಗಿದ ಮೇಲೆ ಕೇಳಿಸಿದರೆ, ಪ್ರತಿ ಏರುಸ್ವರದಲ್ಲೂ ಹರಿದ ಬಟ್ಟೆಯಂಥ ಸದ್ದು. ನೀವು ನನ್ನ ಕಡೆ ತಿರುಗಿದಿರಿ.

"ಇದು ನನ್ನ ದನೀನ ಏನಪಾ?"

ಆಗ ಸುಮ್ಮನಿದ್ದಿದ್ದರೂ — ಇಲ್ಲ, ಸುಮ್ಮನಿರಲಿಲ್ಲ.

"ಮಷೀನು ಇದ್ದದ್ದು ಇದ್ದಾಂಗ ಹೇಳ್ತೈತ್ರಿ ಕಾಕೂ. ವಯಸ್ಸಾತಲ್ರಿ, ಮ್ಯಾಲ ಹೋದಾಗ ದನಿ ಒಡ್ಯಾಕತ್ತೈತಿ."

ನನ್ನೆದುರಿನ ಕಂಪ್ಯೂಟರಿನಲ್ಲಿ ದನಿಯ ಅಲೆಗಳ ತಲೆಗಳೆಲ್ಲ ಕುಡುಗೋಲಿನಿಂದ ಸವರಿದ ಹಾಗೆ ಸಪಾಟಾಗಿದ್ದವು. ಗಂಟಲು ಒಡೆದರೆ ಹಾಗಾಗುವುದಿಲ್ಲ. ನೀವು ನೋಡೀರಿ ಎಂದು ಪರದೆ ಆರಿಸಿದೆ. ಕಾಕಾ, "ಇರ್ಲಿ ಬಿಡು, ಮನ್ಯಾಗ ಹಾಡಕೊಂತಿರು" ಎಂದರು. ನೀವು ಚಪ್ಪಲಿ ಮೆಟ್ಟಿ ಹೊರಟಿರಿ.

ಆಮೇಲೆ ನೀವು ಮನೆಯಲ್ಲೂ ಹಾಡಲಿಲ್ಲ ಎಂದು ಗೊತ್ತಾದದ್ದು ಕಳೆದ ತಿಂಗಳು, ಮಗಳ ಮದುವೆಗೆ ಕರೆಯಲು ನವನಗರದ ನಿಮ್ಮ ಮನೆಗೆ ಬಂದಾಗ. ನೀವು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಿರಿ — ಬಾಯಿ ತೆರೆಯದೆ, ಹಾರ್ಮೋನಿಯಂ ಮೇಲೆ ಸ್ವರ ತೋರಿಸುತ್ತ. ಒಬ್ಬ ಹುಡುಗಿ ಕೇಳಿದಳು, "ಅಜ್ಜಿ, ನೀವ ಒಮ್ಮೆ ಹಾಡಿ ತೋರಸ್ರಿ."

ನೀವು ನಕ್ಕು ನನ್ನತ್ತ ಕೈ ಮಾಡಿದಿರಿ. "ಉಳದಾವ್ರೆಲ್ಲಾ ಬರೇ ಹೊಗಳೂವ್ರು. ಖರೇ ಹೇಳಿದಾಂವ ಇಂವೊಬ್ಬನ. ಇಲ್ಲಾಂದ್ರ ಒಡಕು ದನೀಲೆ ಹಾಡಿ ನಾಕು ಮಂದ್ಯಾಗ ನಗಸ್ಕೋತಿದ್ದೆ."

ಆಮೇಲೆ ಒಳಗೆ ಹೋಗಿ ಅವಲಕ್ಕಿ ತಂದುಕೊಟ್ಟಿರಿ. ತಿಂದೆ, ಕಾಕೂ. ಛಲೋ ಆಗೇತ್ರಿ ಎಂದೆ. ಇನ್ನೊಂದಿಷ್ಟು ಹಾಕಿದಿರಿ, ಅದನ್ನೂ ತಿಂದೆ. ಥೂ, ಎಂಥ ಜನ್ಮ ನನ್ನದು.

ನಾಳೆ ಪಾಠದ ಹೊತ್ತಿಗೇ ಬರುತ್ತೇನೆ. ಆ ಮಕ್ಕಳೆಲ್ಲ ಕೇಳುವ ಹಾಗೆ ಇದನ್ನು ಹೇಳುತ್ತೇನೆ. ನೀವು ಬೈದರೆ ಬೈಸಿಕೊಳ್ಳುತ್ತೇನೆ. ಅದು ಅಂಥ ಕಷ್ಟವಲ್ಲ. ನನಗೆ ಹೆದರಿಕೆ ಇರುವುದು ಬೇರೆ. ಇಷ್ಟು ವರ್ಷ ಮುಚ್ಚಿಟ್ಟ ಗಂಟಲನ್ನು ನೀವು ನನ್ನ ಮಾತು ನಂಬಿ ತೆರೆದು, ಮೇಲಿನ ಷಡ್ಜಕ್ಕೆ ಹೋಗಿ — ಆ ದನಿ ಈಗ ನಿಜಕ್ಕೂ ಒಡೆದರೆ — ಅದು ನಾನೇ ಮಾಡಿದ್ದು. ಅದನ್ನು ಪೂರ್ತಿ ಕೇಳದೆ ನಿಮ್ಮೆದುರಿನಿಂದ ಏಳುವುದಿಲ್ಲ.